ಅಪ್ಪಯ್ಯನ ವಿಂಡೋಸ್ 98ರಿಂದ ಹಾಡುಗಳನ್ನು ಹೊರತಂದ ನಾಲ್ಕು ದಿನ

ಮೊನ್ನೆ ಭಾನುವಾರ ರಾತ್ರಿ ಹನ್ನೊಂದೂವರೆ ಹೊತ್ತಿಗೆ ನಮ್ಮ ಮನೆಯ ಮೆತ್ತಿಯ ಮೇಲಿನ ಕೋಣೆಯಲ್ಲಿ 186 ಎಂಬಿ ಕಡತಗಳು 4 ಜಿಬಿಯ ಒಂದು ಪೆನ್‌ಡ್ರೈವಿಗೆ ಇಳಿದವು. ಇಳಿಯಲು ಹಿಡಿದದ್ದು ಏಳು ನಿಮಿಷ. ಆ ಏಳು ನಿಮಿಷಕ್ಕೆ ತಲುಪಲು ನಾಲ್ಕು ದಿನ ಬೇಕಾಯಿತು. ನಾನು ಕಂಪ್ಯೂಟರ್ ಓದಿದವಳಲ್ಲ, ಹುಬ್ಬಳ್ಳಿಯ ಒಂದು ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಹಳೆಯ ಕಂಪ್ಯೂಟರಿನಲ್ಲಿ ಅಪ್ಪನದೋ ಅಜ್ಜನದೋ ಬರಹ ಉಳಿದುಬಿಟ್ಟ ಮನೆಗಳು ಇನ್ನೂ ಎಷ್ಟೋ ಇವೆ. ಅವರಲ್ಲಿ ಒಬ್ಬರಿಗಾದರೂ ನನ್ನಷ್ಟು ಅಲೆದಾಟ ತಪ್ಪಲಿ ಎಂದು ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ನಮ್ಮೂರು ಶಿರಸಿಯಿಂದ 22 ಕಿಲೋಮೀಟರ್ ಒಳಗೆ. ಅಪ್ಪಯ್ಯ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದವರು. ನಿವೃತ್ತಿಯ ದುಡ್ಡಿನಲ್ಲಿ 2000ನೇ ಇಸವಿಯಲ್ಲಿ ಕಂಪ್ಯೂಟರ್ ತಂದರು. ಪೆಂಟಿಯಂ ತ್ರೀ, 64 ಎಂಬಿ ರ‍್ಯಾಮ್, 10 ಜಿಬಿ ಹಾರ್ಡ್ ಡಿಸ್ಕ್, ವಿಂಡೋಸ್ 98. ಊರಿನಲ್ಲಿ ಅದೇ ಮೊದಲನೆಯದು. ಆಮೇಲೆ ಅದರಲ್ಲಿ ಕನ್ನಡ ಬರೆಯುವ ನುಡಿ ತಂತ್ರಾಂಶ ಹಾಕಿಸಿಕೊಂಡು, ಎರಡು ಬೆರಳಿನಲ್ಲಿ ಕುಟ್ಟುತ್ತಾ, ಆಯಿ, ಅಂದರೆ ನಮ್ಮ ಅಮ್ಮ, ಹಾಡುತ್ತಿದ್ದ ಮದುವೆ ಹಾಡುಗಳನ್ನು ಒಂದೊಂದಾಗಿ ಇಳಿಸಿದರು. ಎಣ್ಣೆ ಅರಿಶಿನದ ಹಾಡು, ಹಸೆಗೆ ಕರೆಯುವ ಹಾಡು, ಆರತಿ ಹಾಡು, ಹೆಣ್ಣೊಪ್ಪಿಸುವ ಹಾಡು. ಆಯಿಗೆ ಅವು ಅಜ್ಜಿಯಿಂದ ಬಂದವು. ಎಲ್ಲೂ ಅಚ್ಚಾಗಿಲ್ಲ. 2014ರಲ್ಲಿ ಅಪ್ಪಯ್ಯ ಹೋದ ಮೇಲೆ ಆ ಕಂಪ್ಯೂಟರಿಗೆ ಹಳೆಯ ಸೀರೆ ಹೊದಿಸಿದ್ದು, ಮತ್ತೆ ಯಾರೂ ತೆಗೆದಿರಲಿಲ್ಲ.

ಈ ಮಾರ್ಗಶಿರದಲ್ಲಿ ಅಣ್ಣನ ಮಗಳ ಮದುವೆ. ಆಯಿಗೆ ಈಗ 79. ರಾಗವೆಲ್ಲ ನೆನಪಿದೆ, ಸೊಲ್ಲುಗಳು ಮಾತ್ರ ನಡುನಡುವೆ ಕೈಕೊಡುತ್ತವೆ. ಚೌತಿಯ ದಿನ ಊಟ ಮಾಡಿ ಎಲೆ ಎತ್ತುವಾಗ, ‘ಅಪ್ಪಯ್ಯ ಬರದಿಟ್ಟಿದ್ದೆಲ್ಲ ಹೋತಾ ತಂಗಿ?’ ಅಂತ ಕೇಳಿದರು. ಮರುದಿನ ಗುರುವಾರದಿಂದ ಭಾನುವಾರದವರೆಗೆ ನನಗೆ ರಜೆ ಇತ್ತು. ಸೀರೆ ತೆಗೆದೆ.

ಮೊದಲು ನೋಡಿದ್ದು ಫ್ಲಾಪಿಗಳನ್ನು. ಅಪ್ಪಯ್ಯ 22 ಫ್ಲಾಪಿಗಳಲ್ಲಿ ಪ್ರತಿ ಇಟ್ಟಿದ್ದರು. ತಗಡಿನ ಬಾಗಿಲು ಸರಿಸಿ ನೋಡಿದರೆ ಒಳಗಿನ ಕಪ್ಪು ತಟ್ಟೆಯ ಮೇಲೆ ಬಿಳಿ ಬೂಸು. ಮಲೆನಾಡಿನ ಮಳೆಗಾಲ ಹನ್ನೊಂದು ಸಲ ಹಾದುಹೋಗಿದೆಯಲ್ಲ. ಬೂಸು ಹಿಡಿದ ಫ್ಲಾಪಿಯನ್ನು ಡ್ರೈವಿಗೆ ಹಾಕಿದರೆ ಓದುವ ಹೆಡ್ಡೂ ಕೊಳೆಯಾಗುತ್ತದೆ, ಆಮೇಲೆ ಚೆನ್ನಾಗಿರುವ ಫ್ಲಾಪಿಯೂ ಓದುವುದಿಲ್ಲ. ಹಾಗಾಗಿ ಅವನ್ನು ಹಾಗೇ ಮುಚ್ಚಿಟ್ಟೆ. ಉಳಿದದ್ದು ಹಾರ್ಡ್ ಡಿಸ್ಕ್ ಒಂದೇ. ಅದನ್ನು ಬಿಚ್ಚಿ, ಐಡಿಇ ಎಂಬ ಹಳೆಯ ಬಗೆಯ ಡಿಸ್ಕನ್ನು ಯುಎಸ್‌ಬಿಗೆ ಹೊಂದಿಸುವ ಐಡಿಇ-ಯುಎಸ್‌ಬಿ ಅಡಾಪ್ಟರ್ ಮೂಲಕ ನನ್ನ ಲ್ಯಾಪ್‌ಟಾಪಿಗೆ ಜೋಡಿಸುವುದು ಎಲ್ಲಕ್ಕಿಂತ ಹತ್ತಿರದ ದಾರಿ ಎಂದು ನನಗೂ ಗೊತ್ತಿತ್ತು. ಆದರೆ ಆ ಅಡಾಪ್ಟರ್ ತರಿಸಿದರೆ ನಮ್ಮೂರಿಗೆ ಬರಲು ಆರು ದಿನ ಎಂದು ತೋರಿಸಿತು. ನನ್ನ ಕೈಯಲ್ಲಿದ್ದದ್ದು ನಾಲ್ಕು. ಕಂಪ್ಯೂಟರ್ ಚಾಲೂ ಮಾಡಿ ಪೆನ್‌ಡ್ರೈವ್ ಚುಚ್ಚಿದರೆ ಅರ್ಧ ತಾಸಿನ ಕೆಲಸ ಎಂದುಕೊಂಡೆ.

ಚಾಲೂ ಮಾಡುವ ಮೊದಲೇ ಅರ್ಧ ದಿನ ಹೋಯಿತು. ಡಬ್ಬಿಯ ಬದಿಯ ತಗಡು ತೆಗೆದು, ಒಣ ಬಣ್ಣದ ಬ್ರಷ್ಷಿನಿಂದ ಧೂಳು ಜಾಡಿಸಿದೆ. ಹಿಂದೆ ಇರುವ ಎರಡು ಯುಎಸ್‌ಬಿ ಕಿಂಡಿಗಳಲ್ಲಿ ಒಂದರ ತುಂಬ ಮಣ್ಣು! ಕುಂಬಾರ ಹುಳ ಅಲ್ಲಿ ಗೂಡು ಕಟ್ಟಿ ಹೋಗಿತ್ತು. ಎರಡನೆಯದು ಅರ್ಧ ಮುಚ್ಚಿತ್ತು. ಹಿಡಿಕಡ್ಡಿಯಿಂದ ಮೆಲ್ಲಗೆ ಕೆರೆದು ತೆಗೆದೆ. ಲೋಹದ ಪಿನ್ನು, ಸೂಜಿ ಹಾಕಬೇಡಿ. ಕಿಂಡಿಯೊಳಗಿನ ನಾಲ್ಕು ತಾಮ್ರದ ಪಟ್ಟಿಗಳು ಬಗ್ಗಿದರೆ ಅಥವಾ ಒಂದಕ್ಕೊಂದು ತಾಗಿದರೆ ಆ ಕಿಂಡಿ ಕೆಲಸಕ್ಕೆ ಬಾರದು. ಮದರ್‌ಬೋರ್ಡಿನ ಮೇಲೆ ಸಣ್ಣ ಡ್ರಮ್ಮಿನಂತೆ ನಿಂತಿರುವ ಕೆಪಾಸಿಟರುಗಳ ತಲೆ ಉಬ್ಬಿದೆಯೇ, ಕಂದು ರಸ ಸೋರಿದೆಯೇ ಎಂದೂ ನೋಡಿಕೊಳ್ಳಿ. ನಮ್ಮದರಲ್ಲಿ ಹಾಗೆ ಆಗಿರಲಿಲ್ಲ.

ಪಕ್ಕದ ಮನೆಯ ಭಾವ ಪಂಪ್‌ಸೆಟ್ ವೈರಿಂಗ್ ಮಾಡುವವರು. ಅವರು ಬಂದು ಒಂದು ಒಳ್ಳೆಯ ಮಾತು ಹೇಳಿದರು: ‘ಮೊದ್ಲು ಹಾರ್ಡ್ ಡಿಸ್ಕಿನ ವೈರ್ ತಪ್ಸಿ ಚಾಲೂ ಮಾಡು.’ ಹನ್ನೊಂದು ವರ್ಷ ಸುಮ್ಮನೆ ಕೂತ ಪವರ್ ಸಪ್ಲೈ ಏನಾದರೂ ಹಾಳಾಗಿದ್ದರೆ ಡಿಸ್ಕನ್ನೂ ಜೊತೆಗೆ ತಿಂದುಹಾಕುತ್ತದೆ. ಡಿಸ್ಕಿಗೆ ಹೋಗುವ ನಾಲ್ಕು ತಂತಿಯ ಪ್ಲಗ್ ಬಿಡಿಸಿ, ಹತ್ತು ನಿಮಿಷ ಚಾಲೂ ಇಟ್ಟೆವು. ಹೊಗೆಯಿಲ್ಲ, ಸುಟ್ಟ ವಾಸನೆಯಿಲ್ಲ, ಫ್ಯಾನ್ ತಿರುಗುತ್ತಿದೆ. ಆಮೇಲೆ ಬಂದ್ ಮಾಡಿ, ಡಿಸ್ಕ್ ಜೋಡಿಸಿ, ಮತ್ತೆ ಹಾಕಿದೆವು. ಡಿಸ್ಕ್ ಒಂದು ಸಲ ಕರಕರ ಎಂದು ತಿರುಗಿತು. ಆ ಸದ್ದು ಕೇಳಿ ಕೆಳಗಿನ ಮನೆಯಿಂದ ಆಯಿ ಮೆತ್ತಿ ಹತ್ತಿ ಬಂದರು. ಅವರಿಗೆ ಮಂಡಿನೋವು, ಮೆತ್ತಿ ಹತ್ತದೆ ಮೂರು ವರ್ಷವಾಗಿತ್ತು.

ಕಪ್ಪು ಪರದೆಯ ಮೇಲೆ ‘ಸಿಮಾಸ್ ಚೆಕ್‌ಸಮ್ ಎರರ್, ಡಿಫಾಲ್ಟ್ಸ್ ಲೋಡೆಡ್’ ಎಂದು ಬಂತು. ಮದರ್‌ಬೋರ್ಡಿನ ಮೇಲೆ ಒಂದು ರೂಪಾಯಿ ನಾಣ್ಯದಂಥ ಸೆಲ್ ಇರುತ್ತದೆ, ಸಿಆರ್ 2032, 3 ವೋಲ್ಟಿನದು. ಕಂಪ್ಯೂಟರ್ ಬಂದ್ ಇದ್ದಾಗಲೂ ತಾರೀಖನ್ನೂ ಕೆಲವು ಮುಖ್ಯ ಸೆಟ್ಟಿಂಗುಗಳನ್ನೂ ಕಾಯುವುದು ಅದು. ಅದು ಸತ್ತಿದೆ ಎಂಬುದಷ್ಟೇ ಆ ಸಂದೇಶದ ಅರ್ಥ. ಎಫ್ 1 ಒತ್ತಿದರೆ ಮುಂದೆ ಹೋಗುತ್ತದೆ. ನಾನು ಹಾಗೇ ಒತ್ತಿ ಮುಂದೆ ಹೋದೆ. ಅಲ್ಲೇ ತಪ್ಪಿದ್ದು.

ವಿಂಡೋಸ್ ಬಂತು. ಡೆಸ್ಕ್‌ಟಾಪಿನ ಮೇಲೆ ‘ಹಾಡು’ ಎಂಬ ಫೋಲ್ಡರ್, ಇಂಗ್ಲಿಷ್ ಅಕ್ಷರದಲ್ಲಿ. ತೆರೆದೆ. ನುಡಿಯ ದಪ್ಪ ಅಕ್ಷರಗಳಲ್ಲಿ ಮೊದಲನೆಯ ಹಾಡು ಕಾಣಿಸಿದಾಗ ಆಯಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿಕೊಂಡರು. ನಾನು ಪೆನ್‌ಡ್ರೈವ್ ಚುಚ್ಚಿದೆ. ಏನೂ ಆಗಲಿಲ್ಲ. ದೀಪ ಹತ್ತಿತು, ಅಷ್ಟೇ. ಇನ್ನೊಂದು ಕಿಂಡಿಯಲ್ಲಿ ಹಾಕಿದೆ, ಅಲ್ಲೂ ಅದೇ. ಕುಂಬಾರ ಹುಳ ಕಿಂಡಿಯನ್ನೇ ಹಾಳು ಮಾಡಿದೆ ಎಂದು ತಿಳಿದು ಅವತ್ತು ಸಂಜೆಯವರೆಗೆ ಕೆರೆಯುವುದು, ಊದುವುದು ಇದೇ ಆಯಿತು.

ಇಲ್ಲಿ ನಿಲ್ಲಿ. ದೀಪ ಹತ್ತಿದರೆ ಕಿಂಡಿಗೆ ಕರೆಂಟ್ ಬರುತ್ತಿದೆ ಎಂದು ಅರ್ಥ, ಕಿಂಡಿ ಕೆಲಸ ಮಾಡುತ್ತಿದೆ ಎಂದಲ್ಲ. ನೋಡಬೇಕಾದ್ದು ಬೇರೆ ಕಡೆ. ‘ಮೈ ಕಂಪ್ಯೂಟರ್’ ಮೇಲೆ ಬಲ ಗುಂಡಿ ಒತ್ತಿ, ‘ಪ್ರಾಪರ್ಟೀಸ್’ ತೆಗೆದು, ‘ಡಿವೈಸ್ ಮ್ಯಾನೇಜರ್’ ಹಾಳೆಗೆ ಹೋಗಿ. ಆ ಪಟ್ಟಿಯ ಕೊನೆಯಲ್ಲಿ ‘ಯೂನಿವರ್ಸಲ್ ಸೀರಿಯಲ್ ಬಸ್ ಕಂಟ್ರೋಲರ್ಸ್’ ಎಂಬ ಸಾಲು ಇರಬೇಕು. ನಮ್ಮದರಲ್ಲಿ ಆ ಸಾಲೇ ಇರಲಿಲ್ಲ. ಅಂದರೆ ಈ ಕಂಪ್ಯೂಟರಿಗೆ ಯುಎಸ್‌ಬಿ ಎಂಬುದೊಂದು ಇದೆ ಎಂದೇ ವಿಂಡೋಸಿಗೆ ಗೊತ್ತಿಲ್ಲ. ಸೆಲ್ ಸತ್ತು ಬಯಾಸ್, ಅಂದರೆ ವಿಂಡೋಸಿಗೂ ಮೊದಲು ಓಡುವ ಮೂಲ ತಂತ್ರಾಂಶ, ಮೂಲಸ್ಥಿತಿಗೆ ಮರಳಿದಾಗ ಕಿಂಡಿಗಳನ್ನು ನಡೆಸುವ ಯುಎಸ್‌ಬಿ ಕಂಟ್ರೋಲರ್ ಬಂದ್ ಆಗಿ ಕೂತಿತ್ತು. ಆ ಕಾಲದ ಎಷ್ಟೋ ಮದರ್‌ಬೋರ್ಡುಗಳಲ್ಲಿ ಮೂಲಸ್ಥಿತಿಯೇ ಅದು.

ಕಂಪ್ಯೂಟರ್ ಚಾಲೂ ಆಗುವಾಗ ಡಿಲೀಟ್ ಕೀಲಿಯನ್ನು ಒತ್ತುತ್ತಾ ಇದ್ದರೆ ನೀಲಿ ಪರದೆಯ ಬಯಾಸ್ ಬರುತ್ತದೆ. ಅಲ್ಲಿ ‘ಇಂಟಿಗ್ರೇಟೆಡ್ ಪೆರಿಫೆರಲ್ಸ್’ ಅಡಿಯಲ್ಲಿ ಯುಎಸ್‌ಬಿ ಕಂಟ್ರೋಲರನ್ನು ‘ಎನೇಬಲ್ಡ್’ ಮಾಡಿದೆ. ‘ಪಿಎನ್‌ಪಿ’ ಎಂಬ ಇನ್ನೊಂದು ಪುಟದಲ್ಲಿ ‘ಅಸೈನ್ ಐಆರ್‌ಕ್ಯೂ ಫಾರ್ ಯುಎಸ್‌ಬಿ’ ಎಂದಿತ್ತು, ಅದನ್ನೂ ಎನೇಬಲ್ಡ್ ಮಾಡಿದೆ. ಎರಡೂ ಬೇಕು. ಎಫ್ 10 ಒತ್ತಿ ಉಳಿಸಿದೆ. ಈ ಸಲ ವಿಂಡೋಸ್ ‘ಹೊಸ ಹಾರ್ಡ್‌ವೇರ್ ಸಿಕ್ಕಿದೆ’ ಎಂದು ತಾನೇ ಹೇಳಿತು. ಹೇಳಿ, ‘ವಿಂಡೋಸ್ 98 ಸಿಡಿ ಹಾಕಿ’ ಎಂದು ಕೇಳಿತು. ಸಿಡಿ ಎಲ್ಲಿಂದ ತರಲಿ? ಮನೆಯಿಡೀ ಹುಡುಕಿದರೂ ಇಲ್ಲ.

ನಿಮಗೂ ಹೀಗಾದರೆ ಗಾಬರಿಯಾಗಬೇಡಿ. ಆ ದಿನಗಳಲ್ಲಿ ಕಂಪ್ಯೂಟರ್ ಜೋಡಿಸಿ ಕೊಡುತ್ತಿದ್ದವರು ಸಿಡಿಯಲ್ಲಿನ ಕಡತಗಳನ್ನು ಡಿಸ್ಕಿನಲ್ಲೇ ಪ್ರತಿ ಮಾಡಿಡುತ್ತಿದ್ದರು. ‘ಫೈಂಡ್’ನಲ್ಲಿ ನಕ್ಷತ್ರ ಚುಕ್ಕಿ ಕ್ಯಾಬ್ (*.cab) ಎಂದು ಹುಡುಕಿ. ‘ವಿಂಡೋಸ್’ ಫೋಲ್ಡರಿನೊಳಗೆ ‘ಆಪ್ಷನ್ಸ್’, ಅದರೊಳಗೆ ‘ಕ್ಯಾಬ್ಸ್’ ಎಂದು ಇರಬಹುದು. ನಮ್ಮದರಲ್ಲಿ ಡಿ ಡ್ರೈವಿನಲ್ಲಿ ‘ವಿನ್98’ ಎಂಬ ಹೆಸರಿನಲ್ಲಿತ್ತು. ಕಡತ ಕೇಳಿದಾಗ ಆ ಜಾಗ ತೋರಿಸಿದರೆ ಸಾಕು. ಕಂಟ್ರೋಲರ್ ಬಂದು ಕೂತಿತು, ಕೆಳಗೆ ‘ಯುಎಸ್‌ಬಿ ರೂಟ್ ಹಬ್’ ಕೂಡ. ರಾತ್ರಿ ಒಂಬತ್ತೂವರೆ. ಪೆನ್‌ಡ್ರೈವ್ ಚುಚ್ಚಿದೆ. ‘ಆಡ್ ನ್ಯೂ ಹಾರ್ಡ್‌ವೇರ್ ವಿಝಾರ್ಡ್’ ಎದ್ದು ಬಂದು ಡ್ರೈವರ್ ಎಲ್ಲಿದೆ ಎಂದು ಕೇಳಿತು. ಹುಡುಕಲು ಬಿಟ್ಟೆ. ಸಿಗಲಿಲ್ಲ. ಮತ್ತೆ ಬಿಟ್ಟೆ. ಹೀಗೆ ನಾಲ್ಕು ಸಲ. ಅಷ್ಟರಲ್ಲಿ ಕರೆಂಟ್ ಹೋಯಿತು.

ಶುಕ್ರವಾರ ಬೆಳಗ್ಗೆ ಚಾಲೂ ಮಾಡಿದರೆ ಯುಎಸ್‌ಬಿ ಕಂಟ್ರೋಲರ್ ಸಾಲೇ ಮತ್ತೆ ಮಾಯ! ಹಿಂದಿನ ದಿನದ ಕೆಲಸವೆಲ್ಲ ನೀರಿನಲ್ಲಿ ಹೋಯಿತು ಎಂದು ಅಳು ಬಂತು. ಆಮೇಲೆ ಹೊಳೆಯಿತು. ಸೆಲ್ ಸತ್ತಿರುವುದರಿಂದ ಗೋಡೆಯ ಕರೆಂಟ್ ಇರುವವರೆಗೆ ಮಾತ್ರ ಬಯಾಸಿಗೆ ನೆನಪು. ಕರೆಂಟ್ ಹೋದಾಗಲೆಲ್ಲ ಮೂಲಸ್ಥಿತಿಗೆ ಮರಳುತ್ತದೆ. ನಮ್ಮೂರಿನ ಮಳೆಗಾಲದಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟ್ ಹೋಗುತ್ತದೆ ಎಂದು ಹೇಳಬೇಕಿಲ್ಲ. ಹಾಗಾಗಿ ನನ್ನ ಮೊದಲ ಸಲಹೆ ಇದು: ಡ್ರೈವರ್, ಪೆನ್‌ಡ್ರೈವ್ ಯಾವ ಯೋಚನೆಗೂ ಮುಂಚೆ ಆ ಸೆಲ್ ಬದಲಿಸಿ. ವಾಚ್ ರಿಪೇರಿ ಅಂಗಡಿಯಲ್ಲೂ ಸಿಗುತ್ತದೆ.

ಇನ್ನು ಡ್ರೈವರ್ ವಿಷಯ. ಹೊಸ ಸಾಮಾನಿನ ಜೊತೆ ಹೇಗೆ ವ್ಯವಹರಿಸಬೇಕು ಎಂದು ಕಂಪ್ಯೂಟರಿಗೆ ಹೇಳಿಕೊಡುವ ಸಣ್ಣ ತಂತ್ರಾಂಶವೇ ಡ್ರೈವರ್. ಈಗಿನ ಕಂಪ್ಯೂಟರುಗಳಲ್ಲಿ ಎಲ್ಲ ಪೆನ್‌ಡ್ರೈವುಗಳಿಗೂ ಹೊಂದುವ ಒಂದು ಸಾಮಾನ್ಯ ಡ್ರೈವರ್ ಮೊದಲೇ ಇರುತ್ತದೆ, ಆದ್ದರಿಂದ ನಾವು ಆ ಮಾತನ್ನೇ ಮರೆತಿದ್ದೇವೆ. ವಿಂಡೋಸ್ 98 ಬಂದದ್ದು 1998ರಲ್ಲಿ, ಅದರ ಸೆಕೆಂಡ್ ಎಡಿಷನ್ 1999ರಲ್ಲಿ. ಪೆನ್‌ಡ್ರೈವುಗಳು ಮಾರುಕಟ್ಟೆಗೆ ಬಂದದ್ದು 2000ದಲ್ಲಿ, ಅದೂ 8 ಎಂಬಿಯಂಥವು. ಯುಎಸ್‌ಬಿ ಮೌಸ್, ಪ್ರಿಂಟರ್ ಅದಕ್ಕೆ ಗೊತ್ತು, ಪೆನ್‌ಡ್ರೈವ್ ಎಂಬ ವಸ್ತುವನ್ನು ಅದು ಕಂಡೇ ಇಲ್ಲ. ಸಾಮಾನ್ಯ ಡ್ರೈವರ್ ಸೇರಿದ್ದು ವಿಂಡೋಸ್ ಮಿಲೇನಿಯಂ ಮತ್ತು ವಿಂಡೋಸ್ 2000ದಿಂದ ಈಚೆಗೆ. ಆಗೆಲ್ಲ ಪೆನ್‌ಡ್ರೈವ್ ಕೊಂಡರೆ ಜೊತೆಗೆ ಅಂಗೈಯಗಲದ ಪುಟ್ಟ ಸಿಡಿ ಕೊಡುತ್ತಿದ್ದರಲ್ಲ, ಅದು ಈ ಕಾರಣಕ್ಕೇ. ಆ ಸಿಡಿಯಲ್ಲಿರುವುದು ಆ ಒಂದು ಕಂಪನಿಯ ಪೆನ್‌ಡ್ರೈವಿಗೆ ಮಾತ್ರ.

ನಮ್ಮ ಮನೆಯಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ. ಲ್ಯಾಪ್‌ಟಾಪ್ ಹಿಡಿದುಕೊಂಡು, ಕೊಡೆಯ ಅಡಿಯಲ್ಲಿ, ತೋಟದ ಮೇಲಿನ ಗುಡ್ಡಕ್ಕೆ ಹೋಗಿ ಬೆಟ್ಟದ ನೆಲ್ಲಿ ಮರದ ಬುಡದಲ್ಲಿ ಕೂತು ಹುಡುಕಿದೆ. ಎಲ್ಲ ಕಡೆ ಒಂದೇ ಹೆಸರು: ಎನ್‌ಯುಎಸ್‌ಬಿ. ವಿಂಡೋಸ್ 98 ಸೆಕೆಂಡ್ ಎಡಿಷನ್‌ಗೆಂದು ಆಸಕ್ತರೊಬ್ಬರು ಕಟ್ಟಿದ, ಬಹುತೇಕ ಎಲ್ಲ ಪೆನ್‌ಡ್ರೈವುಗಳಿಗೂ ಹೊಂದುವ ಡ್ರೈವರ್ ಕಟ್ಟು. 3.3 ಮತ್ತು 3.6 ಎಂಬ ಆವೃತ್ತಿಗಳು ಬಳಕೆಯಲ್ಲಿವೆ. 3.6 ವಿಂಡೋಸಿನ ಇನ್ನಷ್ಟು ಕಡತಗಳನ್ನು ಬದಲಿಸುತ್ತದೆ. ನನಗೆ ಬೇಕಿದ್ದದ್ದು ಹಾಡುಗಳನ್ನು ಒಂದು ಸಲ ಹೊರತೆಗೆಯುವುದಷ್ಟೇ, ಅದಕ್ಕೇ 3.3 ಸಾಕು ಎಂದು ನಿರ್ಧರಿಸಿದೆ. ಇದು ಅಧಿಕೃತ ತಂತ್ರಾಂಶವಲ್ಲ ಎಂಬುದು ನೆನಪಿರಲಿ. ಇಳಿಸಿಕೊಂಡ ಮೇಲೆ ಲ್ಯಾಪ್‌ಟಾಪಿನಲ್ಲಿ ವೈರಸ್ ತಪಾಸಣೆ ಮಾಡಿಯೇ ಮುಂದೆ ಹೋದೆ. ನಿಮ್ಮದು ಸೆಕೆಂಡ್ ಎಡಿಷನ್ ಹೌದೋ ಅಲ್ಲವೋ ತಿಳಿಯಲು ಮತ್ತೆ ‘ಮೈ ಕಂಪ್ಯೂಟರ್’ ಪ್ರಾಪರ್ಟೀಸ್ ನೋಡಿ: 4.10.2222 ಎ ಎಂದಿದ್ದರೆ ಹೌದು, 4.10.1998 ಎಂದಿದ್ದರೆ ಅದು ಮೊದಲ ಆವೃತ್ತಿ, ಅದಕ್ಕೆ ಇದನ್ನು ಹಾಕಬೇಡಿ.

ಡ್ರೈವರ್ ಸಿಕ್ಕಿತು ಸರಿ, ಅದನ್ನು ಆ ಕಂಪ್ಯೂಟರಿನೊಳಗೆ ಹಾಕುವುದು ಹೇಗೆ? ಪೆನ್‌ಡ್ರೈವ್ ಓದಲು ಡ್ರೈವರ್ ಬೇಕು, ಡ್ರೈವರ್ ಇರುವುದು ಪೆನ್‌ಡ್ರೈವಿನಲ್ಲಿ. ಬಾಗಿಲ ಬೀಗದ ಕೈ ಮನೆಯೊಳಗೇ ಉಳಿದ ಹಾಗೆ. ಒಂದೇ ದಾರಿ ಸಿಡಿ. ನನ್ನ ಲ್ಯಾಪ್‌ಟಾಪಿನಲ್ಲಿ ಸಿಡಿ ಡ್ರೈವ್ ಇಲ್ಲ. ಮಧ್ಯಾಹ್ನದ ಬಸ್ಸಿಗೆ ಶಿರಸಿಗೆ ಹೋದೆ. ಮೂರು ಕಂಪ್ಯೂಟರ್ ಅಂಗಡಿ ಸುತ್ತಿದೆ. ಎಲ್ಲರದೂ ಒಂದೇ ಉತ್ತರ, ‘ಈಗ ಯಾರೂ ಸಿಡಿ ಬರೆಯೂದಿಲ್ಲ ಮೇಡಂ.’ ಒಬ್ಬರು ಮಾತ್ರ ಫೋಟೋ ಸ್ಟುಡಿಯೋ ಕಡೆ ಕೈ ತೋರಿಸಿದರು. ಮದುವೆ ವಿಡಿಯೋ ಮಾಡುವವರ ಹತ್ತಿರ ಇನ್ನೂ ರೈಟರ್ ಇರುತ್ತದೆ. ನಿಜ, ಇತ್ತು. ಐದು ನಿಮಿಷದಲ್ಲಿ ಬರೆದುಕೊಟ್ಟರು. ಸೆಲ್ಲನ್ನೂ ಕೊಂಡು, ಕೊನೆಯ ಬಸ್ಸಿಗೆ ಮನೆ ಮುಟ್ಟಿ, ಸೆಲ್ ಹಾಕಿ, ಬಯಾಸ್ ಸರಿಮಾಡಿ, ಸಿಡಿ ಹಾಕಿದರೆ ಡ್ರೈವ್ ಸುಯ್ಯೆಂದು ತಿರುಗುತ್ತದೆ, ನಿಲ್ಲುತ್ತದೆ, ಮತ್ತೆ ತಿರುಗುತ್ತದೆ. ಓದುವುದಿಲ್ಲ. ಲೆನ್ಸಿನ ಧೂಳು ಒರೆಸಿದೆ. ಆಗಲೂ ಇಲ್ಲ. ಕೊನೆಗೆ ತಟ್ಟೆಯ ನಡುವಿನ ಸಣ್ಣ ಅಕ್ಷರ ಓದಿದೆ. ಅದು ಡಿವಿಡಿ. ನಾನು ‘ಸಿಡಿ’ ಎಂದೇ ಕೇಳಿದ್ದೆ. ಅವರ ಬಾಯಲ್ಲಿ ಎರಡೂ ಸಿಡಿಯೇ. 2000ದ ಸಿಡಿ ಡ್ರೈವ್ ಡಿವಿಡಿಯನ್ನು ಓದಲಾರದು.

ಶನಿವಾರ ಬೆಳಗ್ಗೆ ಮತ್ತೆ ಶಿರಸಿ. ಈ ಸಲ ಏನು ಹೇಳಬೇಕು ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ, ನೀವೂ ಹಾಗೇ ಮಾಡಿ: 700 ಎಂಬಿಯ ಸಿಡಿ-ಆರ್ ಬೇಕು, ಮತ್ತೆ ಮತ್ತೆ ಬರೆಯುವ ಆರ್‌ಡಬ್ಲ್ಯೂ ಬೇಡ, ಆದಷ್ಟು ಕಡಿಮೆ ವೇಗದಲ್ಲಿ ಬರೆಯಿರಿ, ಬರೆದ ಮೇಲೆ ಡಿಸ್ಕನ್ನು ‘ಫೈನಲೈಸ್’ ಮಾಡಿ. ಆ ಸ್ಟುಡಿಯೋದ ಹುಡುಗನ ಹತ್ತಿರ ಸಿಡಿ-ಆರ್ ಇರಲಿಲ್ಲ. ಅವನು ಕೆಲಸ ಬಿಟ್ಟು ಎರಡು ಓಣಿ ದಾಟಿ ಹೋಗಿ, ಯಾರದೋ ಹಳೆಯ ಕ್ಯಾಸೆಟ್ ಅಂಗಡಿಯಿಂದ ಎರಡು ತಂದ. ಮದುವೆ ಹಾಡಿನ ಸಂಗತಿ ಹೇಳಿದಾಗ ಬರೆಯುವ ದುಡ್ಡು ಬೇಡವೆಂದ. ಬಲವಂತ ಮಾಡಿ ಕೊಟ್ಟೆ.

ಸಂಜೆ ಸಿಡಿ ಓದಿತು. ಕೂಡಲೇ ಡ್ರೈವರ್ ಹಾಕಲು ಹೋಗಬೇಡಿ, ಮೊದಲು ಗುಡಿಸುವ ಕೆಲಸವಿದೆ. ಗುರುವಾರ ರಾತ್ರಿ ನಾನು ವಿಝಾರ್ಡನ್ನು ನಾಲ್ಕು ಸಲ ಓಡಿಸಿದ್ದೆನಲ್ಲ, ಪ್ರತಿ ಸಲವೂ ಒಂದೊಂದು ಅರೆಬರೆ ನಮೂದು ಉಳಿದಿತ್ತು. ಹಳದಿ ಪ್ರಶ್ನೆಚಿಹ್ನೆಯ ‘ಅನ್‌ನೋನ್ ಡಿವೈಸ್’ಗಳು. ಅವು ಇರುವವರೆಗೆ ವಿಂಡೋಸ್ ಆ ಪೆನ್‌ಡ್ರೈವನ್ನು ಹೊಸದಾಗಿ ನೋಡುವುದೇ ಇಲ್ಲ, ಹಳೆಯ ಸೋಲನ್ನೇ ಎತ್ತಿಕೊಳ್ಳುತ್ತದೆ. ಚಾಲೂ ಆಗುವಾಗ ಎಫ್ 8 ಒತ್ತಿ ಸೇಫ್ ಮೋಡಿಗೆ ಹೋಗಿ, ಡಿವೈಸ್ ಮ್ಯಾನೇಜರಿನಲ್ಲಿ ಅಂಥ ನಮೂದುಗಳನ್ನೆಲ್ಲ ‘ರಿಮೂವ್’ ಮಾಡಿ. ಸಾಮಾನ್ಯ ಸ್ಥಿತಿಯಲ್ಲಿ ಕಾಣದ ನಮೂದುಗಳೂ ಅಲ್ಲಿ ಕಾಣುತ್ತವೆ. ಮೊದಲು ಯಾವುದಾದರೂ ಪೆನ್‌ಡ್ರೈವಿನ ಡ್ರೈವರ್ ಹಾಕಿದ್ದರೆ ಅದನ್ನೂ ತೆಗೆಯಿರಿ. ಯುಎಸ್‌ಬಿ 2.0 ಕಾರ್ಡ್ ಹಾಕಿಸಿಕೊಂಡವರು ಅದರ ಡ್ರೈವರನ್ನೂ ತೆಗೆಯಬೇಕು. ಪೆನ್‌ಡ್ರೈವ್ ಚುಚ್ಚಿರಬಾರದು. ಮತ್ತೆ ಚಾಲೂ ಮಾಡಿ, ಆಗ ಎನ್‌ಯುಎಸ್‌ಬಿ ಹಾಕಿ, ಇನ್ನೊಮ್ಮೆ ಚಾಲೂ ಮಾಡಿ. ಪೆನ್‌ಡ್ರೈವನ್ನು ಚುಚ್ಚುವುದು ಇಷ್ಟೆಲ್ಲ ಆದ ಮೇಲೆ.

ಚುಚ್ಚಿದೆ. ‘ಯುಎಸ್‌ಬಿ ಮಾಸ್ ಸ್ಟೋರೇಜ್ ಡಿವೈಸ್’ ಎಂದು ಬಂತು. ಮೈ ಕಂಪ್ಯೂಟರಿನಲ್ಲಿ ಹೊಸ ಡ್ರೈವ್ ಕಾಣಿಸಿತು! ಕೆಳಗೆ ಬಗ್ಗಿ ‘ಆಯಿ, ಬಂತು’ ಎಂದು ಕೂಗಿಯೂ ಬಿಟ್ಟೆ. ಒತ್ತಿದರೆ, ‘ಈ ಡಿಸ್ಕ್ ಫಾರ್ಮ್ಯಾಟ್ ಆಗಿಲ್ಲ, ಈಗ ಮಾಡಲೇ?’ ಎಂಬ ಪ್ರಶ್ನೆ.

ದಯವಿಟ್ಟು ‘ಯೆಸ್’ ಒತ್ತಬೇಡಿ. ಒತ್ತಿದರೆ ಪೆನ್‌ಡ್ರೈವಿನಲ್ಲಿ ಇದ್ದದ್ದೆಲ್ಲ ಹೋಗುತ್ತದೆ. ನನ್ನದರಲ್ಲಿ ಮಗನ ಶಾಲೆಯ ಫೋಟೋಗಳಿದ್ದವು. ಪೆನ್‌ಡ್ರೈವ್ ಹಾಳಾಗಿರಲಿಲ್ಲ, ಡ್ರೈವರೂ ಸರಿಯಾಗಿತ್ತು. ನನ್ನದು 64 ಜಿಬಿಯದು. ಅಂಥವು ಸಾಮಾನ್ಯವಾಗಿ ಕಾರ್ಖಾನೆಯಿಂದಲೇ ಎಕ್ಸ್‌ಫ್ಯಾಟ್ ಎಂಬ, ಕಡತಗಳನ್ನು ಜೋಡಿಸಿಡುವ ಈಚಿನ ವಿನ್ಯಾಸದಲ್ಲಿ ಬರುತ್ತವೆ. ವಿಂಡೋಸ್ 98ಕ್ಕೆ ತಿಳಿಯುವುದು ಫ್ಯಾಟ್ 16 ಮತ್ತು ಫ್ಯಾಟ್ 32 ಮಾತ್ರ. ಎನ್‌ಟಿಎಫ್‌ಎಸ್ ಕೂಡ ತಿಳಿಯದು. ಹೊಸ ಕಂಪ್ಯೂಟರಿನಲ್ಲಿ ಫ್ಯಾಟ್ 32ಕ್ಕೆ ಬದಲಿಸೋಣವೆಂದರೆ, ವಿಂಡೋಸ್ 10ರ ಫಾರ್ಮ್ಯಾಟ್ ಕಿಟಕಿ 32 ಜಿಬಿಗಿಂತ ದೊಡ್ಡ ಡ್ರೈವಿಗೆ ಆ ಆಯ್ಕೆಯನ್ನೇ ತೋರಿಸುವುದಿಲ್ಲ. ಸಣ್ಣ, ಹಳೆಯ ಪೆನ್‌ಡ್ರೈವ್ ಬೇಕು. ಶನಿವಾರ ರಾತ್ರಿ ಹತ್ತು ಗಂಟೆಗೆ ಎಲ್ಲಿ ಹುಡುಕುವುದು? ಅವತ್ತು ನನಗೆ ನಿದ್ದೆ ಬರಲಿಲ್ಲ. ನಾಳೆ ಒಂದೇ ದಿನ ಉಳಿದಿದೆ, ಡಿಸ್ಕ್ ಆಗಾಗ ಟಿಕ್ ಎನ್ನುತ್ತಿದೆ, ಯಾವ ಹೊತ್ತಿಗೆ ನಿಲ್ಲುತ್ತದೋ ಎಂಬ ಭಯ. ಎದ್ದು, ಲಾಂದ್ರದ ಬೆಳಕಿನಲ್ಲಿ ಪರದೆಯ ಮೇಲಿದ್ದ ಎರಡು ಹಾಡುಗಳನ್ನು ಕೈಯಲ್ಲೇ ಬರೆದುಕೊಂಡೆ ಎಂದರೆ ನಂಬಿ. ಕರೆಂಟ್ ಹೋಗಿದ್ದರೂ ಯುಪಿಎಸ್ ಇನ್ನೊಂದು ಹತ್ತು ನಿಮಿಷ ಎಳೆಯುತ್ತಿತ್ತು. ಭಾವ ಅವರ ಮನೆಯದನ್ನು ತಂದುಕೊಟ್ಟಿದ್ದರು.

ಭಾನುವಾರ ಬೆಳಗ್ಗೆ ಉತ್ತರ ಸಿಕ್ಕಿದ್ದೂ ಅದೇ ಭಾವನ ಹತ್ತಿರ. ಅವರ ಕಾರಿನ ಸ್ಟೀರಿಯೋದಲ್ಲಿ ಭಜನೆ, ತಾಳಮದ್ದಳೆ ತುಂಬಿದ 4 ಜಿಬಿ ಪೆನ್‌ಡ್ರೈವ್ ವರ್ಷಗಟ್ಟಲೆ ಚುಚ್ಚಿಕೊಂಡೇ ಇತ್ತು. ಹಳೆಯ ಕಾರ್ ಸ್ಟೀರಿಯೋಗಳಿಗೆ ಸಾಮಾನ್ಯವಾಗಿ ಫ್ಯಾಟ್ 32 ಪೆನ್‌ಡ್ರೈವೇ ಬೇಕು. ಯಾರ ಕಾರಿನಲ್ಲಾದರೂ ಹಾಡುತ್ತಿರುವ ಸಣ್ಣ ಪೆನ್‌ಡ್ರೈವ್ ಇದ್ದರೆ ನಿಮ್ಮ ಹಳೆಯ ಕಂಪ್ಯೂಟರಿಗೂ ಅದು ಆದೀತು. ಅವರ ತಾಳಮದ್ದಳೆಯನ್ನೆಲ್ಲ ಲ್ಯಾಪ್‌ಟಾಪಿಗೆ ಇಳಿಸಿಟ್ಟು, ಪೆನ್‌ಡ್ರೈವ್ ಖಾಲಿ ಮಾಡಿ, ಫ್ಯಾಟ್ 32ರಲ್ಲೇ ಹೊಸದಾಗಿ ಫಾರ್ಮ್ಯಾಟ್ ಮಾಡಿದೆ. ಅಷ್ಟು ಹೊತ್ತಿಗೆ ಗಾಳಿ ಮಳೆ ಶುರುವಾಗಿ ಕರೆಂಟ್ ಹೋದದ್ದು, ರಾತ್ರಿ ಹನ್ನೊಂದಕ್ಕೆ ಬಂತು.

ಹೊಸ ಡ್ರೈವ್ ತೆರೆಯಿತು. ಯಾವ ಪ್ರಶ್ನೆಯೂ ಬರಲಿಲ್ಲ.

ಆ ಕಾಲದ ಯುಎಸ್‌ಬಿ 1.1ರ ವೇಗ ಸೆಕೆಂಡಿಗೆ 12 ಮೆಗಾಬಿಟ್. ಕೈಗೆ ಸಿಗುವುದು ಸೆಕೆಂಡಿಗೆ ಒಂದು ಎಂಬಿಗಿಂತ ಕಡಿಮೆ. ಪಟ್ಟಿ ನಿಂತ ಹಾಗೆ ಕಂಡರೂ ಕೀಳಬೇಡಿ. ಮುಗಿದ ಮೇಲೆ ಎರಡೂ ಕಡೆಯ ಫೋಲ್ಡರಿನ ಪ್ರಾಪರ್ಟೀಸ್ ತೆಗೆದು ಕಡತಗಳ ಸಂಖ್ಯೆ, ಬೈಟುಗಳ ಸಂಖ್ಯೆ ಎರಡನ್ನೂ ತಾಳೆ ನೋಡಿದೆ. ಕೆಳಗಿನ ಮೂಲೆಯ ಚಿಹ್ನೆಯಿಂದ ‘ಸ್ಟಾಪ್’ ಕೊಟ್ಟು ಆಮೇಲೆ ಕಿತ್ತೆ. ನುಡಿಯಲ್ಲಿ ಬರೆದದ್ದಿದ್ದರೆ ‘ವಿಂಡೋಸ್’ ಒಳಗಿನ ‘ಫಾಂಟ್ಸ್’ ಫೋಲ್ಡರಿನಿಂದ ನುಡಿಯ ಫಾಂಟುಗಳನ್ನೂ ಮರೆಯದೆ ತನ್ನಿ. ಅವಿಲ್ಲದಿದ್ದರೆ ಹೊಸ ಕಂಪ್ಯೂಟರಿನಲ್ಲಿ ಕನ್ನಡದ ಬದಲು ತಲೆಯ ಮೇಲೆ ಗೆರೆ ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ, ಕಡತವೇ ಕೆಟ್ಟಿದೆ ಎಂದು ಹೆದರಿ ಅಳಿಸಿಬಿಟ್ಟವರನ್ನು ನಾನೇ ನೋಡಿದ್ದೇನೆ.

ನಾವು ಯಾರೂ ಎಣಿಸದೇ ಇದ್ದದ್ದು ಇನ್ನೊಂದು ಸಿಕ್ಕಿತು. 96 ಧ್ವನಿ ಕಡತಗಳು, ಒಂದೊಂದೂ 1.3 ಎಂಬಿ. ವಿಂಡೋಸ್ 98ರ ಸೌಂಡ್ ರೆಕಾರ್ಡರ್ ಒಂದು ಸಲಕ್ಕೆ 60 ಸೆಕೆಂಡ್ ಮಾತ್ರ ಹಿಡಿಯುತ್ತದೆ. ಅಪ್ಪಯ್ಯ ಆಯಿಯಿಂದ ಒಂದೊಂದು ಹಾಡನ್ನೂ ನಿಮಿಷ ನಿಮಿಷಕ್ಕೆ ತುಂಡು ಮಾಡಿ ಹಾಡಿಸಿ, ಒಂದು ಎ, ಒಂದು ಬಿ ಎಂದು ಹೆಸರಿಟ್ಟಿದ್ದರು. ಎಲ್ಲ ತುಂಡುಗಳ ಕೊನೆಯಲ್ಲೂ ಅಪ್ಪಯ್ಯನ ಧ್ವನಿ ಬರುತ್ತದೆ, ‘ಸಾಕು, ನಿಲ್ಸು.’ ಆಯಿ ಅದನ್ನು ಮೂರು ಸಲ ಹಾಕಿಸಿ ಕೇಳಿದರು.

ಖರ್ಚು ಹೆಚ್ಚಲ್ಲ. ಸೆಲ್ಲಿಗೆ 40 ರೂಪಾಯಿ, ಡಿವಿಡಿಗೆ 50, ಸಿಡಿಗೂ ಬರೆದದ್ದಕ್ಕೂ ಸೇರಿ 100. ಶಕ್ತಿ ಯೋಜನೆಯಿಂದ ಬಸ್ಸಿಗೆ ದುಡ್ಡಿಲ್ಲ. ಸಮಯ ನಿಮ್ಮ ಕೈಯಲ್ಲಿದ್ದರೆ ಅಡಾಪ್ಟರ್ ತರಿಸಿಕೊಂಡು ಡಿಸ್ಕನ್ನೇ ಬಿಚ್ಚಿ ಓದುವುದು ಇದಕ್ಕಿಂತ ಸುಲಭ ಎಂದೇ ಹೇಳುತ್ತೇನೆ, 40 ಪಿನ್ನಿನ ಐಡಿಇ ಡಿಸ್ಕಿಗೆ ಆಗುವಂಥದ್ದು, ಪ್ರತ್ಯೇಕ ಪವರ್ ಪ್ಲಗ್ ಇರುವಂಥದ್ದು ನೋಡಿ ತರಿಸಿ. ಸಿಡಿ ಬರೆಸುವ ಅನುಕೂಲವಿದ್ದರೆ ವಿಂಡೋಸಿನ ಬದಲು ಓಡಿಸಬಹುದಾದ, ಹಳೆಯ ಕಂಪ್ಯೂಟರುಗಳಿಗೆ ಹೊಂದುವ ಪಪ್ಪಿ ಲಿನಕ್ಸಿನ ಹಳೆಯ ಆವೃತ್ತಿಯೊಂದನ್ನು ಸಿಡಿಯಿಂದಲೇ ಓಡಿಸಿಯೂ ಪ್ರತಿ ತೆಗೆಯಬಹುದು, ಆಗ ವಿಂಡೋಸಿನ ಡ್ರೈವರ್ ಗೊಡವೆಯೇ ಇಲ್ಲ. ಅದಕ್ಕೆ 128 ಎಂಬಿಯಷ್ಟಾದರೂ ರ‍್ಯಾಮ್ ಇದ್ದರೆ ಒಳ್ಳೆಯದು, ನಮ್ಮದರಲ್ಲಿ ಅಷ್ಟಿರಲಿಲ್ಲ. ಯಾವ ದಾರಿ ಹಿಡಿದರೂ ಪ್ರತಿ ಕೈಗೆ ಬರುವವರೆಗೆ ಆ ಡಿಸ್ಕಿನಲ್ಲಿ ಯಾವುದನ್ನೂ ಅಳಿಸಬೇಡಿ, ‘ರಿಪೇರಿ’ ತಂತ್ರಾಂಶ ಓಡಿಸಬೇಡಿ.

ಈಗ ಹಾಡುಗಳನ್ನು ನುಡಿಯಿಂದ, ಈಗಿನ ಎಲ್ಲ ಕಂಪ್ಯೂಟರು ಫೋನುಗಳಲ್ಲೂ ಓದಬಹುದಾದ ಯೂನಿಕೋಡಿಗೆ ತರುವ ಕೆಲಸ ನಡೆದಿದೆ. ಉಚಿತ ಪರಿವರ್ತಕಗಳಿವೆ, ಪಠ್ಯ ಹಾಕಿದರೆ ಕ್ಷಣದಲ್ಲಿ ಬದಲಾಗುತ್ತದೆ. ಆದರೆ ಒತ್ತಕ್ಷರ, ಅರ್ಕಾವತ್ತು ಕೆಲವೆಡೆ ಜಾಗ ತಪ್ಪುತ್ತವೆ, ಸಾಲುಸಾಲಾಗಿ ಓದಲೇಬೇಕು. ದಿನಾ ರಾತ್ರಿ ಫೋನಿನಲ್ಲಿ ನಾನು ಓದುತ್ತೇನೆ, ಆಯಿ ಅಲ್ಲಿಂದ ತಿದ್ದುತ್ತಾರೆ. ನಿನ್ನೆ ಆರತಿ ಹಾಡೊಂದರಲ್ಲಿ ಒಂದೇ ಪದ ಐದು ಕಡೆ ತಪ್ಪಾಗಿ ಬಂದಿತ್ತು. ಪರಿವರ್ತಕದ ದೋಷವಿರಬೇಕು, ಸರಿ ಮಾಡಿಬಿಡುತ್ತೇನೆ ಎಂದೆ. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದರು.

‘ಅದು ಅಪ್ಪಯ್ಯ ಬರೆಯದೇ ಹಾಂಗೆ. ಇರ್ಲಿ ಬಿಡು ತಂಗಿ.’

ಹಾಗೇ ಬಿಟ್ಟಿದ್ದೇನೆ.